ಹೊಳೆಯೇ ಇಲ್ಲದ ದ್ವೀಪ

ಮಾಲ್ಟಾಗೆ ಹೋಗ್ತಿದೀನಿ ಅಂದಾಗ ಆಫೀಸಿನಲ್ಲಿ ಅರ್ಧ ಜನ ‘ಮಾಲ್ಡೀವ್ಸಾ?’ ಅಂತ ಕೇಳಿದರು. ನನಗೆ ಇದು ಅಭ್ಯಾಸ. ರಾಮನಗರದವನು ಅಂದಾಗಲೂ ಹೀಗೇ, ‘ಓಹ್, ಶೋಲೆ ಬೆಟ್ಟ!’ ಅಂತಾರೆ. ಅದಲ್ಲ ಮಾರಾಯ್ರೇ, ನಮ್ಮದು ಉತ್ತರ ಕನ್ನಡ ಜಿಲ್ಲೆ, ಜೊಯಿಡಾ ತಾಲ್ಲೂಕಿನ ರಾಮನಗರ. ಬೆಳಗಾವಿಯಿಂದ ಅನಮೋಡ ಘಾಟ್ ಇಳಿದು ಗೋವಾಕ್ಕೆ ಹೋಗಿದ್ದರೆ ನೀವು ನಮ್ಮೂರಲ್ಲಿ ಚಹಾ ಕುಡಿದಿರಬಹುದು. ಊರಿನ ಹೆಸರು ನೋಡಿರಲಿಕ್ಕಿಲ್ಲ, ಅಷ್ಟೇ.

ಹೋಗಿದ್ದು ಕೆಲಸದ ಮೇಲೆ. ಸೆಪ್ಟೆಂಬರಿನಲ್ಲಿ ಎರಡು ವಾರ, ರಾಜಧಾನಿ ವಲೆಟಾ ಹತ್ತಿರದ ಒಂದು ಆಫೀಸಿನಲ್ಲಿ. ಮಾಲ್ಟಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಟಲಿಯ ಸಿಸಿಲಿಗೂ ಆಫ್ರಿಕಾದ ಲಿಬಿಯಾಕ್ಕೂ ನಡುವೆ ಮೆಡಿಟರೇನಿಯನ್ ಸಮುದ್ರದಲ್ಲಿರುವ ಪುಟ್ಟ ದೇಶ. 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು, ಹಾಗಾಗಿ ನಮ್ಮ ಹಾಗೆ ಎಡಗಡೆ ಗಾಡಿ ಓಡಿಸುತ್ತಾರೆ, ಇಂಗ್ಲಿಷ್ ನಡೆಯುತ್ತದೆ. ಶೆಂಗೆನ್ ವೀಸಾ ಸಾಕು. ಟ್ರಾಫಿಕ್ ನೋಡಿದರೆ ಬೆಂಗಳೂರು ನೆನಪಾಗುತ್ತದೆ. ನನಗೆ ಮರುಳು ಹಿಡಿಸಿದ್ದು ಅದರ ಪಕ್ಕದ ತಂಗಿ ದ್ವೀಪ, ಗೋಜೋ. ಅಲ್ಲಿಯವರ ಬಾಯಲ್ಲಿ ‘ಆವ್ದೆಶ್’. ಕೆಲಸ ಮುಗಿದ ಮೇಲೆ ಐದು ದಿನ ರಜೆ ಹಾಕಿ ಅಲ್ಲಿಗೆ ಹೋದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸಿಗರ ಪ್ರೀತಿಯ ಮೇಲೆ ನನಗೆ ನಂಬಿಕೆ ಕಡಿಮೆ. ಬೆಂಗಳೂರಿನ ಗೆಳೆಯರು ವೀಕೆಂಡಿಗೆ ದಾಂಡೇಲಿಗೆ ಬರುತ್ತಾರೆ, ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡುತ್ತಾರೆ, ಮಂಗಟ್ಟೆ ಹಕ್ಕಿಯ ಫೋಟೋ ಹಾಕಿ ‘ಲವ್ ದಿಸ್ ಪ್ಲೇಸ್’ ಅಂತ ಬರೆಯುತ್ತಾರೆ. ಅವರ ದೋಣಿ ತೇಲುವುದು ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಅನ್ನೋದು ಎಷ್ಟು ಜನಕ್ಕೆ ಗೊತ್ತೋ. ಸೋಮವಾರದ ಹೊತ್ತಿಗೆ ಪ್ರೀತಿ ಮುಗಿದಿರುತ್ತದೆ. ಗೋಜೋಗೆ ಹೋಗಿ ನಾನೂ ಅದೇ ಜಾತಿಗೆ ಸೇರಿದೆ. ಆದರೆ ಬಂದು ಎಂಟು ತಿಂಗಳಾದರೂ ನನ್ನ ಸೋಮವಾರ ಇನ್ನೂ ಬಂದಿಲ್ಲ.

ಮಾಲ್ಟಾದ ಚಿರ್ಕೆವ್ವಾ ಬಂದರಿನಿಂದ ಫೆರಿ ಹತ್ತಿದರೆ ಸುಮಾರು 25 ನಿಮಿಷಕ್ಕೆ ಗೋಜೋದ ಇಮ್ಜಾರ್ ಬಂದರು. ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ವಾಪಸ್ ಬರುವಾಗ ಮಾತ್ರ ದುಡ್ಡು. ಒಳಗೆ ಬರುವುದು ಫ್ರೀ, ಬಿಟ್ಟು ಹೋಗುವುದಕ್ಕೆ ಚಾರ್ಜು. ಇಡೀ ದ್ವೀಪ 67 ಚದರ ಕಿಲೋಮೀಟರ್, ಉದ್ದ 14 ಕಿ.ಮೀ., ಅಗಲ 7. ನಮ್ಮ ಜೊಯಿಡಾ ತಾಲ್ಲೂಕು 1,800 ಚದರ ಕಿ.ಮೀ.ಗಿಂತ ದೊಡ್ಡದು, ಹೆಚ್ಚೂಕಡಿಮೆ ಪೂರ್ತಿ ಕಾಡು. ಜನಸಂಖ್ಯೆಯಲ್ಲಿ ಮಾತ್ರ ಅವರಿಗೂ ನಮಗೂ ಅಂಥ ದೊಡ್ಡ ಅಂತರವಿಲ್ಲ.

ನಾನು ಇಳಿದುಕೊಂಡಿದ್ದು ಪಶ್ಚಿಮ ತುದಿಯ ಆರ್ಬ್ ಎಂಬ ಹಳ್ಳಿಯಲ್ಲಿ, ಒಬ್ಬ ವಯಸ್ಸಾದ ಹೆಂಗಸಿನ ಹಳೆಯ ಕಲ್ಲಿನ ಮನೆಯಲ್ಲಿ. ಬಾಗಿಲು ತೆಗೆದವರೇ ‘ಕಮ್ರಾ’ ಅಂತ ಮೇಲೆ ಕೈ ತೋರಿಸಿದರು. ಕಮ್ರಾ ಅಂದರೆ ಕೋಣೆ! ನಮ್ಮ ಕಡೆ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಿನಿಮಾದಲ್ಲಿ ಹಿಂದಿ. ಈ ನಾಲ್ಕರ ಚೂರುಪಾರು ಇದ್ದವನಿಗೆ ಮಾಲ್ಟೀಸ್ ಕೇಳುವುದು ಒಂದು ಆಟ. ಬುಡ ಅರಬ್ಬಿ, ಮೇಲೆ ಇಟಾಲಿಯನ್ ಒಗ್ಗರಣೆ, ಬರೆಯುವುದು ಇಂಗ್ಲಿಷ್ ಲಿಪಿಯಲ್ಲಿ. ದುನಿಯಾಕ್ಕೆ ‘ದಿನ್ಯಾ’, ಕಿತಾಬಿಗೆ ‘ಕ್ತೀಬ್’. ಪ್ರತಿ ಎರಡನೇ ವಾಕ್ಯದಲ್ಲಿ ‘ಮೇಲಾ’ ಅನ್ನುತ್ತಾರೆ, ನಾವು ‘ಮತ್ತೆ’, ‘ಹಂಗಾರೆ’ ಅಂದ ಹಾಗೆ. ಮರಾಠಿಯಲ್ಲಿ ಮೇಲಾ ಅಂದರೆ ‘ಸತ್ತ’. ಮೊದಲ ದಿನ ಬಸ್ಸಿನಲ್ಲಿ ಒಬ್ಬರು ಫೋನಿನಲ್ಲಿ ನಗುನಗುತ್ತಾ ಮೇಲಾ, ಮೇಲಾ, ಮೇಲಾ ಅಂತಿದ್ದರೆ ನನಗೆ ಒಳಗೊಳಗೇ ಗಾಬರಿ.

ಮನೆಗಳೆಲ್ಲ ಜೇನಿನ ಬಣ್ಣದ ಸುಣ್ಣದ ಕಲ್ಲಿನವು. ನೆಲದಿಂದ ಕೊಯ್ಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಚಿರೇಕಲ್ಲಿನದೂ ಇದೇ ಗುಣ. ಕೆಲವು ಮನೆಗಳ ಮುಂದೆ ‘ಗಾಡ್ ಬ್ಲೆಸ್ ಆಸ್ಟ್ರೇಲಿಯಾ’ ಅಂತ ಕೆತ್ತಿರುತ್ತದೆ, ಪಕ್ಕದಲ್ಲಿ ಒಂದು ಕಾಂಗರೂ. ಎರಡನೇ ಮಹಾಯುದ್ಧದ ನಂತರ ಇಲ್ಲಿಯ ಸಾವಿರಾರು ಜನ ಕೆಲಸ ಹುಡುಕಿಕೊಂಡು ಹಡಗು ಹತ್ತಿದರು. ದುಡಿದು ಬಂದವರು ಹುಟ್ಟೂರಲ್ಲೇ ಮನೆ ಕಟ್ಟಿ, ಅನ್ನ ಕೊಟ್ಟ ದೇಶದ ಹೆಸರು ಇಟ್ಟರು. ನಮ್ಮ ಮನೆಯಾಕೆಯ ಗಂಡ ಮೆಲ್ಬರ್ನ್‌ನಲ್ಲಿ ದುಡಿದವರಂತೆ. ಆಕೆ ಹುಟ್ಟಿದ್ದು ಇದೇ ಬೀದಿಯ ಆಚೆ ಕೊನೆ, ಆಕೆಯ ತಾಯಿ ಹುಟ್ಟಿದ್ದು ಅದರ ಹಿಂದಿನ ಮನೆ. ‘ಅದೋ, ಆ ಹಸಿರು ಬಾಗಿಲು’ ಅಂತ ಕೂತಲ್ಲಿಂದಲೇ ತೋರಿಸಿದರು. ಬಾಗಿಲು ನಿಜವಾಗಿಯೂ ಅಲ್ಲಿತ್ತು.

ನನಗೆ ಹೊಟ್ಟೆಕಿಚ್ಚು ಶುರುವಾಗಿದ್ದು ಅಲ್ಲಿಂದ. ಅದಕ್ಕೆ ಸ್ವಲ್ಪ ನಮ್ಮೂರಿನ ಕತೆ ಹೇಳಬೇಕು.

ನಮ್ಮ ರಾಮನಗರ ಹಳೆಯ ಊರಲ್ಲ. ಕಾಳಿ ನದಿಗೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಜನರಿಗಾಗಿ ಆದ ಪುನರ್ವಸತಿ ಊರು. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. 145 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ಒಂದು ಕಾಲಕ್ಕೆ ತಾಲ್ಲೂಕಿಗೇ ಸೂಪಾ ಅಂತ ಹೆಸರು. ಆ ಸೂಪಾ ಪೇಟೆ ನೀರಿನಡಿ ಹೋಯಿತು, ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಬಂತು, ನಮ್ಮಜ್ಜಿಯ ಹಾಗಿದ್ದವರು ಪಾತ್ರೆ, ದೇವರು, ಎಮ್ಮೆ ಕಟ್ಟಿಕೊಂಡು ರಾಮನಗರಕ್ಕೆ ಬಂದರು. ಬೇರೆ ಬೇರೆ ಹಳ್ಳಿಗಳಿಂದ ಬಂದವರು ಅಕ್ಕಪಕ್ಕದ ಸೈಟುಗಳಲ್ಲಿ ನೆಂಟರಾಗಬೇಕಾಯಿತು. ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದಿತ್ತು. ನನಗೆ ರಾಮನಗರವೇ ಊರು, ಬೇಜಾರೇನೂ ಇರಲಿಲ್ಲ. ಆದರೆ ‘ಮೂಲ ಊರು ಯಾವುದು’ ಅಂತ ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಬರುವ ಉತ್ತರ ಗೂಗಲ್ ಮ್ಯಾಪಿನಲ್ಲಿ ನೀಲಿ ಬಣ್ಣ.

ಗೋಜೋದಲ್ಲಿ ಎಲ್ಲವೂ ಇಟ್ಟಲ್ಲೇ ಇದೆ ಅನ್ನಿಸುತ್ತದೆ. ಜ್ಗಾಂತಿಯಾ ಅಂತ ಒಂದು ಕಲ್ಲಿನ ದೇವಸ್ಥಾನವಿದೆ, ಕ್ರಿಸ್ತಪೂರ್ವ 3600ರ ಸುಮಾರಿಗೆ ಕಟ್ಟಿದ್ದು. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಸಾವಿರ ವರ್ಷ ಹಿಂದಿನದು. ಆ ಬಂಡೆಗಳನ್ನು ಒಬ್ಬ ರಾಕ್ಷಸಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊತ್ತು ತಂದಳು ಅಂತ ಅಲ್ಲಿಯ ಜನಪದ. ನಮ್ಮಲ್ಲಾದರೆ ಆ ಕೆಲಸ ಖಂಡಿತ ಭೀಮನ ಪಾಲಿಗೆ ಹೋಗುತ್ತಿತ್ತು.

ಈ ‘ಇಟ್ಟಲ್ಲೇ ಇದೆ’ ಅನ್ನೋದು ಪೂರ್ತಿ ನಿಜವಲ್ಲ ಅಂತ ಗೊತ್ತಾಗಿದ್ದು ವಿಕ್ಟೋರಿಯಾದ ಕೋಟೆಯಲ್ಲಿ. ವಿಕ್ಟೋರಿಯಾ ಅಂದರೆ ದ್ವೀಪದ ನಡುಮಧ್ಯದ ಪಟ್ಟಣ. ರಾಣಿಯ ಹೆಸರನ್ನು 1887ರಲ್ಲಿ ಇಟ್ಟರು, ಜನ ಈಗಲೂ ಹಳೆಯ ‘ರಬಾತ್’ ಅಂತಲೇ ಕರೆಯುತ್ತಾರೆ. 1551ರಲ್ಲಿ ಆಟೊಮನ್ ತುರ್ಕರ ನೌಕಾಪಡೆ ಇಲ್ಲಿಗೆ ನುಗ್ಗಿ ಕೋಟೆ ಹಿಡಿದು, 5 ಸಾವಿರದಷ್ಟು ಜನರನ್ನು ಗುಲಾಮರನ್ನಾಗಿ ಸಾಗಿಸಿತು. ಹೆಚ್ಚೂಕಡಿಮೆ ಇಡೀ ದ್ವೀಪವೇ ಖಾಲಿ. ಆಮೇಲೆ ಒತ್ತೆಹಣ ಕೊಟ್ಟು ಬಿಡಿಸಿಕೊಂಡು ಬಂದವರು ಕೆಲವರು, ಮಾಲ್ಟಾದಿಂದ ಬಂದು ನೆಲೆಸಿದವರು ಹಲವರು, ಹೀಗೆ ನಿಧಾನಕ್ಕೆ ಮತ್ತೆ ತುಂಬಿದ್ದು. 1637ರವರೆಗೆ ರಾತ್ರಿ ಎಲ್ಲರೂ ಕೋಟೆಯೊಳಗೇ ಮಲಗಬೇಕು ಅಂತ ಕಾನೂನಿತ್ತು. ಕೋಟೆಯ ಗೋಡೆಯ ಮೇಲೆ ನಿಂತರೆ ಇಡೀ ದ್ವೀಪ ಕಾಣುತ್ತದೆ, ಪ್ರತಿ ಹಳ್ಳಿಗೊಂದು ಚರ್ಚಿನ ಗುಮ್ಮಟ, ಸುತ್ತ ಸಮುದ್ರ. ನಾನು ಅಲ್ಲಿ ಬಹಳ ಹೊತ್ತು ಕೂತಿದ್ದೆ. ಖಾಲಿಯಾದ ಊರು ಮತ್ತೆ ಊರಾಗಲು ಎಷ್ಟು ತಲೆಮಾರು ಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ನಮ್ಮದು ಈಗ ಮೂರನೆಯದು.

ಇನ್ನೊಂದು ವಿಚಿತ್ರ ಅಂದರೆ, ಈ ದ್ವೀಪಕ್ಕೆ ನದಿಯೇ ಇಲ್ಲ. ಗೋಜೋ ಬಿಡಿ, ಇಡೀ ಮಾಲ್ಟಾ ದೇಶದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರಿನ ಆಸುಪಾಸು. ನಮ್ಮ ಕ್ಯಾಸಲ್ ರಾಕ್‌ನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸುರಿಯುತ್ತದೆ. ನಲ್ಲಿಯಲ್ಲಿ ಬರುವ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಸಮುದ್ರದ್ದು, ಒತ್ತಡ ಹಾಕಿ ಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆದದ್ದು. ಮನೆಯ ಆರ್‌ಓ ಫಿಲ್ಟರಿನ ದೊಡ್ಡಣ್ಣ ಅಂದುಕೊಳ್ಳಿ. ಅದಕ್ಕೂ ಮುಂಚೆ ಮಳೆನೀರೇ ಗತಿ. ಹಳೆಯ ಮನೆಗಳ ಅಂಗಳದ ಕೆಳಗೆ ಬಂಡೆ ಕೊರೆದು ಮಾಡಿದ ತೊಟ್ಟಿ ಇರುತ್ತದೆ, ಹೆಸರು ‘ಬೀರ್’ (ನೀವಂದುಕೊಂಡಿದ್ದಲ್ಲ). ಮಾಳಿಗೆಯ ಮೇಲೆ ಬಿದ್ದ ಮಳೆ ಹಾಗೇ ಒಳಗೆ ಇಳಿಯುತ್ತದೆ. ನಮ್ಮ ಮನೆಯಾಕೆ ಕಬ್ಬಿಣದ ಮುಚ್ಚಳ ಎತ್ತಿ, ಬಕೆಟ್ ಇಳಿಸಿ, ತುಳಸಿಯ ಹಾಗೆ ಕಾಣುವ ಬೇಸಿಲ್ ಗಿಡಕ್ಕೆ ಲೋಟದಲ್ಲಿ ಅಳೆದಳೆದು ನೀರು ಹಾಕುತ್ತಿದ್ದರು. ಸೂಪಾ ಜಲಾಶಯದೊಳಗೆ ಈ ದ್ವೀಪದಂಥದ್ದು ಪೂರ್ತಿ ಹಿಡಿಯುತ್ತದೆ ಅಂತ ನಾನು ಹೇಳಿದರೆ ಆಕೆ ನಂಬಲಿಲ್ಲ. ‘ಅಷ್ಟು ಸಿಹಿನೀರಾ? ಪುಣ್ಯವಂತರು’ ಅಂದರು. ಏನು ಉತ್ತರ ಕೊಡೋದು ಹೇಳಿ. ಫೋನಿನಲ್ಲಿ ಅಣೆಕಟ್ಟಿನ ಫೋಟೋ ತೋರಿಸಿದೆ, ಅಜ್ಜಿಯ ಕತೆ ಹೇಳಿದೆ. ಆಕೆ ಮಧ್ಯೆ ಮಾತಾಡದೆ ಕೇಳಿ, ಕೊನೆಗೆ ‘ಚರ್ಚ್ ಕೂಡ ಮುಳುಗಿತಾ?’ ಅಂತ ಕೇಳಿದರು. ದೇವಸ್ಥಾನದ ಮೂರ್ತಿಯನ್ನು ಹೊತ್ತು ತಂದರು ಅಂದಾಗ ಸ್ವಲ್ಪ ಸಮಾಧಾನವಾಯಿತು ಅವರಿಗೆ.

ಮರುದಿನ ಆಕೆಯ ಮೊಮ್ಮಗ ನನ್ನನ್ನು ದ್ವೇಯ್ರಾ ಎಂಬ ಕಡಲತಡಿಗೆ ಕರೆದುಕೊಂಡು ಹೋದ. ‘ಗೇಮ್ ಆಫ್ ಥ್ರೋನ್ಸ್’ನ ಮೊದಲ ಸೀಸನ್ನಿನ ಮದುವೆ ನೋಡಿದವರಿಗೆ ಆ ಜಾಗ ನೆನಪಿರಬಹುದು: ಸಮುದ್ರದಲ್ಲಿ ನಿಂತ ದೈತ್ಯ ಕಲ್ಲಿನ ಕಮಾನು, ಅಜ್ಯೂರ್ ವಿಂಡೋ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಅದು ಕುಸಿದು ಬಿತ್ತು, ಕಂಬವೂ ಉಳಿಯಲಿಲ್ಲ. ಈಗ ಅಲ್ಲಿ ನೋಡಲು ಬರೀ ನೀರು. ಆದರೂ ಜನ ಬರುತ್ತಾರೆ. ಆ ಹುಡುಗ ಬಂಡೆಯ ಮೇಲೆ ನಿಂತು ಖಾಲಿ ಗಾಳಿಯಲ್ಲಿ ಬೆರಳಿನಿಂದ ಕಮಾನು ಬರೆದ. ‘ಇಲ್ಲಿಂದ ಶುರು, ಹೀಗೆ ಹೋಗಿ, ಅಲ್ಲಿ ಇಳಿಯುತ್ತಿತ್ತು.’

ನಮ್ಮಜ್ಜಿಯೂ ಹೀಗೇ ಮಾಡುತ್ತಾಳೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಮ್ಮೊಮ್ಮೆ ಅವಳನ್ನು ದಂಡೆಗೆ ಕರೆದುಕೊಂಡು ಹೋಗುತ್ತೇವೆ. ನೀರಿನ ಮೇಲೆ ಬೆರಳಾಡಿಸಿ ‘ಇಲ್ಲಿ ಪೇಟೆ, ಅಲ್ಲಿ ಶಾಲೆ, ಆಚೆ ನಮ್ಮ ಗದ್ದೆ’ ಅನ್ನುತ್ತಾಳೆ. ಚಿಕ್ಕವನಿದ್ದಾಗ ನನಗೆ ಬೋರಾಗುತ್ತಿತ್ತು, ಕಾಣದೇ ಇರೋದನ್ನ ಏನು ನೋಡೋದು ಅಂತ. ದ್ವೇಯ್ರಾದಲ್ಲಿ ಆ ಹುಡುಗನ ಬೆರಳಿನ ಹಿಂದೆ ನಾನು ಕಣ್ಣು ಓಡಿಸಿದೆ. ಒಂದು ಕ್ಷಣ ಕಮಾನು ಕಂಡಿತು, ಆಣೆ ಮಾಡಿ ಹೇಳುತ್ತೇನೆ.

ಉಳಿದ ದಿನಗಳಲ್ಲಿ ತಿಂದೆ, ಈಜಿದೆ, ಬಸ್ ಕಾದೆ. ಫ್ತೀರಾ ಎಂಬ ಚಪ್ಪಟೆ ರೊಟ್ಟಿಯ ಮೇಲೆ ಆಲೂಗಡ್ಡೆ, ಕುರಿಹಾಲಿನ ಚೀಸು ಹಾಕಿ ಬೇಯಿಸುತ್ತಾರೆ, ಅದನ್ನು ಬಿಡಬೇಡಿ. ಪಾಪಾಸುಕಳ್ಳಿಯ ಹಣ್ಣು ಬೇಲಿಬೇಲಿಯಲ್ಲೂ, ಆದರೆ ಮುಳ್ಳು ತೆಗೆಯಲು ಬರುವವರ ಜೊತೆ ಮಾತ್ರ ತಿನ್ನಿ. ರಾಮ್ಲಾ ಅಂತ ಕೆಂಪು ಮರಳಿನ ಬೀಚಿದೆ. ಅದರ ಮೇಲಿನ ಗುಹೆಯಲ್ಲೇ ಕಲಿಪ್ಸೋ ಎಂಬ ಅಪ್ಸರೆ ಒಡಿಸ್ಯೂಸ್‌ನನ್ನು ಏಳು ವರ್ಷ ಇಟ್ಟುಕೊಂಡಿದ್ದಳು ಅಂತ ಗೋಜೋದವರು ಹೇಳುತ್ತಾರೆ. ಅಮರತ್ವ ಕೊಡುತ್ತೇನೆ ಅಂದರೂ ಆತ ದಿನಾ ದಂಡೆಯಲ್ಲಿ ಕೂತು ಊರು ನೆನೆದು ಅಳುತ್ತಿದ್ದನಂತೆ. ಬೀಚಿನಲ್ಲಿ ಟ್ಯಾನ್ ಆಗುತ್ತಾ ಮಲಗಿದ್ದ ಯಾರಿಗೂ ಅಳುವ ಲಕ್ಷಣ ಕಾಣಲಿಲ್ಲ.

ಕೊನೆಯ ಬೆಳಿಗ್ಗೆ ಉತ್ತರ ದಂಡೆಯ ಶ್ವೇಯ್ನಿಗೆ ಹೋದೆ. ಕಡಲಂಚಿನ ಬಂಡೆಯಲ್ಲಿ ಚೌಕಚೌಕವಾಗಿ ಕೊರೆದ ನೂರಾರು ಉಪ್ಪಿನ ಮಡಿಗಳು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಮಣ್ಣಿನ ಗದ್ದೆಯಲ್ಲಿ ಉಪ್ಪು ಬೆಳೆಯುವುದನ್ನು ನೋಡಿದವರಿಗೆ ಕೆಲಸ ಹೊಸದಲ್ಲ: ನೀರು ತುಂಬು, ಬಿಸಿಲಿಗೆ ಬಿಡು, ಗುಡಿಸು, ಗುಡ್ಡೆ ಹಾಕು. ಇಲ್ಲಿ ಮಣ್ಣಿನ ಬದಲು ಕಲ್ಲು. ತಲೆಮಾರುಗಳಿಂದ ಅದೇ ಮನೆತನದವರು ಅದೇ ಮಡಿ ಗುಡಿಸುತ್ತಾರೆ. ಅರ್ಧ ಕಿಲೋ ಉಪ್ಪು ಕೊಂಡೆ. ಫೆರಿಯ ಕೌಂಟರಿನಲ್ಲಿ ದುಡ್ಡು ಕೊಟ್ಟೆ, ಬಿಟ್ಟು ಬಂದೆ.

ದೀಪಾವಳಿಗೆ ಊರಿಗೆ ಹೋದಾಗ ಉಪ್ಪನ್ನು ಅಜ್ಜಿಗೆ ಕೊಟ್ಟೆ. ನಾಲಿಗೆಗೆ ಇಟ್ಟು ನೋಡಿ, ‘ಸಾಣಿಕಟ್ಟಿ ಉಪ್ಪಿನಷ್ಟು ಜೋರಿಲ್ಲ’ ಅಂದಳು. ಫೋನಿನಲ್ಲಿ ಫೋಟೋ ತೋರಿಸುತ್ತಾ ಹೋದೆ. ಕೋಟೆ, ದೇವಸ್ಥಾನ, ನೀಲಿ ಸಮುದ್ರ ಎಲ್ಲಕ್ಕೂ ಬರೀ ‘ಹೂಂ’. ಹೊಳೆ ಇಲ್ಲ ಅಂದಾಗ ಮಾತ್ರ ಕಿವಿ ನೆಟ್ಟಗಾಯಿತು. ‘ಹೊಳಿ ಇಲ್ಲಾ ಅಂದ್ರ ಅರಿವೆ ಎಲ್ಲಿ ಒಗೀತಾರ?’

ಅದಕ್ಕೂ ನನ್ನ ಹತ್ತಿರ ಫೋಟೋ ಇತ್ತು. ವಿಕ್ಟೋರಿಯಾದ ಪಕ್ಕದಲ್ಲಿ ಫೊಂತಾನಾ ಅಂತ ಊರು, ಅಲ್ಲೊಂದು ಊಟೆ. ಅದರ ನೀರು ಹರಿದುಬರುವ ಕಡೆ ಕಲ್ಲಿನ ಕಮಾನುಗಳ ಕೆಳಗೆ ಸಾಲಾಗಿ ಒಗೆಯುವ ಕಲ್ಲಿನ ತೊಟ್ಟಿಗಳು, ನೂರಾರು ವರ್ಷ ಹಳೆಯವು. ಹೆಂಗಸರ ಕೈ ತಾಗಿ ಅಂಚು ಸವೆದು ನುಣ್ಣಗಾಗಿವೆ. ಅಜ್ಜಿ ಫೋನನ್ನು ಕೈಯಿಂದ ಕಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ತುಂಬಾ ಹೊತ್ತು ನೋಡಿದಳು. ಎರಡು ಬೆರಳಲ್ಲಿ ದೊಡ್ಡದು ಮಾಡುವುದನ್ನು ಆವತ್ತೇ ಕಲಿತಳು. ಆಮೇಲೆ ಸೂಪಾದಲ್ಲಿ ತಾವು ಒಗೆಯುತ್ತಿದ್ದ ಕಲ್ಲಿನ ಬಗ್ಗೆ ಹೇಳಲು ಶುರು ಮಾಡಿದಳು. ಯಾರದು ಯಾವ ಕಲ್ಲು, ಯಾರು ಯಾರ ಕಲ್ಲಿಗೆ ಕೂತು ಜಗಳ ಆಯಿತು, ಯಾರ ಸೀರೆ ಹೊಳೆಯಲ್ಲಿ ತೇಲಿ ಹೋಯಿತು. ಮೂವತ್ತು ವರ್ಷದಲ್ಲಿ ಈ ಕತೆ ನಾನು ಒಮ್ಮೆಯೂ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲವಂತೆ.

‘ಈ ಫೋಟೋ ನನಗ ಬೇಕು’ ಅಂದಳು. ಅವಳಿಗೆ ವಾಟ್ಸಾಪ್ ಇಲ್ಲ. ಬೆಳಗಾವಿಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದೆ.