ಊರಿನ ಜನಗಣತಿ ಪಟ್ಟಿಯನ್ನು ಓದುವುದು ಹೇಗೆ?

ಊರಿನ ಮಣ್ಣು, ಮಳೆಗಳ ವಿವರವನ್ನು ವಿಸ್ತರಣಾ ಕಾರ್ಯಕರ್ತರು ತಪ್ಪದೆ ನೋಡುತ್ತಾರೆ. ಆದರೆ ಊರಿನ ಜನರ ಲೆಕ್ಕವನ್ನು ತೆಗೆದು ನೋಡುವವರು ವಿರಳ. ಬೀಜ, ತರಬೇತಿ ಯಾರನ್ನು ತಲುಪಬೇಕೆಂಬುದು ಈ ಲೆಕ್ಕದಿಂದಲೇ ತಿಳಿಯಬೇಕು.

ವಿಜಯಪುರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 21,77,331. ಸಾವಿರ ಗಂಡಸರಿಗೆ 960 ಹೆಂಗಸರು. ದೇವರ ಹಿಪ್ಪರಗಿ ಪ್ರತ್ಯೇಕ ತಾಲ್ಲೂಕಾದದ್ದು ಆ ಗಣತಿಯ ನಂತರ. ಆದ್ದರಿಂದ ಇಲ್ಲಿನ ಹಳ್ಳಿಗಳ ಅಂಕಿಗಳನ್ನು ಸಿಂದಗಿ ಮುಂತಾದ ಹಳೆಯ ತಾಲ್ಲೂಕುಗಳ ಹೆಸರಿನಡಿ ಹುಡುಕಬೇಕಾಗುತ್ತದೆ.

ಅಕ್ಷರಸ್ಥರ ಪ್ರಮಾಣವನ್ನು ಲೆಕ್ಕ ಹಾಕುವಾಗ ಆರು ವರ್ಷದವರೆಗಿನ ಮಕ್ಕಳನ್ನು ಕಳೆಯಬೇಕು. ಒಂದು ಊರಿನಲ್ಲಿ 2,000 ಜನ, ಅವರಲ್ಲಿ 300 ಮಕ್ಕಳು, 1,020 ಅಕ್ಷರಸ್ಥರು ಇದ್ದಾರೆಂದುಕೊಳ್ಳೋಣ. ಪ್ರಮಾಣ ಶೇಕಡಾ 51 ಅಲ್ಲ, 60.

ಕೃಷಿಗೆ ಹೆಚ್ಚು ಬೇಕಾದದ್ದು ಕೆಲಸಗಾರರ ಅಂಕಣ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ಸಾಗುವಳಿದಾರ ಎಂದರೆ ಪಹಣಿಯಲ್ಲಿ ಹೆಸರಿದ್ದವನೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಹೊಲವನ್ನು ಪಾಲಿಗೋ ಲಾವಣಿಗೋ ಹಿಡಿದು ಮಾಡುವವನೂ ಸಾಗುವಳಿದಾರನೇ. ಪರರ ಹೊಲದಲ್ಲಿ ಕೂಲಿಗೆ, ಅದು ಹಣವಿರಲಿ ಕಾಳಿರಲಿ, ದುಡಿಯುವವರು ಕೃಷಿ ಕಾರ್ಮಿಕರು. ಮನೆಯ ಹೊಲದಲ್ಲಿ ಸದೆ ತೆಗೆದು, ಜೋಳ ಕಿತ್ತು, ತೆನೆ ಮುರಿಯುವ ಹೆಣ್ಣುಮಕ್ಕಳನ್ನು ಮಾತ್ರ "ಮನೆಗೆಲಸ" ಎಂದು ಬರೆಸಿಬಿಡುವುದುಂಟು. ಆಗ ಪಟ್ಟಿಯಲ್ಲಿ ಅವರು ಕೆಲಸಗಾರರೇ ಅಲ್ಲ! ಬೀಜೋಪಚಾರದ ತರಬೇತಿಗೆ ಅವರನ್ನು ಕರೆಯುವುದೂ ಮರೆತುಹೋಗುತ್ತದೆ.

ಗಣತಿ ನಡೆಯುವ ಕಾಲವನ್ನೂ ಗಮನಿಸಬೇಕು. 2011ರಲ್ಲಿ ಅದು ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಸುಗ್ಗಿಯ ದಿನಗಳವು. ಕಬ್ಬು ಕಡಿಯಲು ಹೋದವರು ಇನ್ನೂ ಮರಳಿರದ ದಿನಗಳೂ ಅವೇ. ಗಣತಿಯ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರನ್ನು ಅವರು ಇದ್ದಲ್ಲಿಯೇ ಎಣಿಸುವುದು ನಿಯಮ. ಹೀಗೆ ಬೀಗ ಹಾಕಿದ ಮನೆಯವರು ಬೇರೆ ಊರಿನ, ಕೆಲವೊಮ್ಮೆ ಬೇರೆ ರಾಜ್ಯದ, ಲೆಕ್ಕಕ್ಕೆ ಸೇರುತ್ತಾರೆ. ತಾಂಡಾಗಳ ಅಂಕಿಗಳನ್ನು ನೋಡುವಾಗ ಇದನ್ನು ವಿಶೇಷವಾಗಿ ನೆನಪಿಡಬೇಕು. ಮಳೆ ಕೈಕೊಟ್ಟ ವರ್ಷ ಗುಳೆ ಹೆಚ್ಚು. ಜೂನಿನಲ್ಲಿ ಊರಿಗೆ ಬಂದು ನೋಡಿದರೆ ಜನ ಬೇರೆಯೇ ಇರುತ್ತಾರೆ.

ಜಾತಿಯ ವಿಷಯದಲ್ಲಿ 2011ರ ಪಟ್ಟಿ ಹೇಳುವುದು ಸ್ವಲ್ಪವೇ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಸಂಖ್ಯೆ ಪ್ರತ್ಯೇಕವಾಗಿ ಸಿಗುತ್ತದೆ; ಲಂಬಾಣಿಗರು ಪರಿಶಿಷ್ಟ ಜಾತಿಯ ಸಂಖ್ಯೆಯೊಳಗೇ ಇರುತ್ತಾರೆ. ಲಿಂಗಾಯತರೆಷ್ಟು, ಕುರುಬರೆಷ್ಟು ಎಂಬುದು ಅದರಲ್ಲಿಲ್ಲ. ಕೂರಿಗೆ ಮಾಡುವ ಬಡಿಗ, ಕುಡ ಹಣಿಯುವ ಕಂಬಾರ, ಮಡಿವಾಳ ಇವರು ಸುಗ್ಗಿಯಲ್ಲಿ ಆಯ ಪಡೆದು ಊರಿನ ಒಕ್ಕಲುತನಕ್ಕೆ ಹೊಂದಿಕೊಂಡು ಬಂದವರು. ಮಡಿವಾಳ ಮಾಚಿದೇವರು ಹುಟ್ಟಿದ ಊರೆಂದು ದೇವರ ಹಿಪ್ಪರಗಿಗೆ ಹೆಸರಿದೆ. ಟ್ರ್ಯಾಕ್ಟರ್ ಬಂದ ಮೇಲೆ ಬಡಿಗ, ಕಂಬಾರರ ಕೆಲಸ ಕಡಿಮೆಯಾಗಿದೆ. ಅವರಲ್ಲಿ ಎಷ್ಟು ಮನೆಗಳು ಕೂಲಿಗೆ ಇಳಿದಿವೆ ಎಂಬುದನ್ನು ಊರಲ್ಲಿ ಕೇಳಿಯೇ ತಿಳಿಯಬೇಕು.

2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು. 2025ರ ಜೂನ್ ಅಧಿಸೂಚನೆಯಂತೆ ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದರಲ್ಲಿ ಎಲ್ಲ ಜಾತಿಗಳ ಎಣಿಕೆಯೂ ಸೇರಿದೆ. ಎಣಿಕೆಯವರು ಮನೆಗೆ ಬಂದಾಗ ಹೊಲದಲ್ಲಿ ದುಡಿಯುವ ಹೆಂಡತಿ, ಸೊಸೆಯರ ಕೆಲಸವನ್ನು ರೈತರು ಇದ್ದ ಹಾಗೆಯೇ ಬರೆಸಬೇಕು. ಪಾಲಿನ ಹೊಲವಿದ್ದರೆ ಅದನ್ನೂ ಹೇಳಬೇಕು.