ಅನುಭವ

‘ಅನುಭವವುಳ್ಳವರನ್ನು ಕೇಳಿ ತಿಳಿ’ ಎಂದು ಹಿರಿಯರು ಹೇಳುವುದುಂಟು. ಅನುಭವವೆಂದರೇನು? ಇದು ಸಂಸ್ಕೃತದಿಂದ ಬಂದ ಪದ. ‘ಭೂ’ ಎಂಬ ಧಾತುವಿಗೆ ಇರು, ಆಗು ಎಂಬ ಅರ್ಥಗಳಿವೆ. ‘ಅನು’ ಎಂಬ ಉಪಸರ್ಗಕ್ಕೆ ಹಿಂದೆ, ಜೊತೆಗೆ, ಅನುಸರಿಸಿ ಎಂದರ್ಥ. ಆಗುತ್ತಿರುವುದರ ಜೊತೆಯಲ್ಲಿಯೇ ಸಾಗಿ ಅದನ್ನು ಅರಿಯುವುದು ಅನುಭವ. ಕನ್ನಡದ ‘ಉಣ್ಣು’ ಎಂಬ ಕ್ರಿಯಾಪದವೂ ಇದೇ ಅರ್ಥವನ್ನು ಕೊಡುತ್ತದೆ. ನಾವು ಅನ್ನವನ್ನಷ್ಟೇ ಅಲ್ಲ, ನೋವನ್ನೂ ಉಣ್ಣುತ್ತೇವೆ. ತರ್ಕಶಾಸ್ತ್ರಜ್ಞರು ಜ್ಞಾನವನ್ನು ಸ್ಮೃತಿ, ಅನುಭವ ಎಂದು ಎರಡಾಗಿ ವಿಂಗಡಿಸಿದರು. ಹಿಂದೆ ಅರಿತುದು ಸಂಸ್ಕಾರಮಾತ್ರದಿಂದ ಮರಳಿ ಮನಸ್ಸಿಗೆ ಬಂದರೆ ಅದು ಸ್ಮೃತಿ. ಉಳಿದ ಅರಿವೆಲ್ಲವೂ ಅನುಭವ.

ಇಂಗ್ಲಿಷಿನ ‘ಎಕ್ಸ್‌ಪೀರಿಯನ್ಸ್’ ಎಂಬ ಪದದ ಹುಟ್ಟು ಬೇರೆ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ‘ಪರೀಕ್ಷಿಸಿ ನೋಡು’ ಎಂದರ್ಥ. ಬಾಗಲಕೋಟೆ ಜಿಲ್ಲೆಯಲ್ಲಿ ಹುನಗುಂದ ಸೀಮೆಯ ಐಹೊಳೆಯನ್ನು ಕಂಡವರಿಗೆ ಈ ಅರ್ಥ ಬೇಗನೆ ಹೊಳೆಯುತ್ತದೆ. ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಿಗಳು ಅಲ್ಲಿ ಲಾಡಖಾನ್ ಗುಡಿಯನ್ನು ಸಭಾಮಂಟಪದಂತೆ ಕಟ್ಟಿದರು; ದುರ್ಗದ ಗುಡಿಯ ಹಿಂಭಾಗವನ್ನು ದುಂಡಾಗಿಸಿದರು. ಕಲ್ಲಿನಲ್ಲಿಯೇ ಮಾಡಿನೋಡಿ ಕಲಿತ ವಿದ್ಯೆ ಅದು.

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಇದರ ಕ್ರಮವನ್ನು ಓದಿ ತಿಳಿಯಬಹುದು. ಎಳೆ ಹರಿಯದಂತೆ ಎಷ್ಟು ಬಿಗಿಯಬೇಕೆಂಬುದನ್ನು ಬೆರಳುಗಳೇ ಬಲ್ಲವು.

ಇಂತಹ ದುಡಿಮೆಗಾರರ ಅರಿವಿಗೆ ಬಲ್ಲವರ ಸಭೆಯಲ್ಲಿ ಸ್ಥಾನವುಂಟೆ? ಹನ್ನೆರಡನೆಯ ಶತಮಾನದ ಶರಣರು ಉಂಟೆಂದರು. ಕೃಷ್ಣಾ ಮಲಪ್ರಭೆಯರು ಕೂಡುವ, ಹುನಗುಂದ ಸೀಮೆಯದೇ ಆದ ಕೂಡಲಸಂಗಮದಲ್ಲಿ ವಿದ್ಯೆ ಕಲಿತ ಬಸವಣ್ಣನವರು ಮುಂದೆ ಕಲ್ಯಾಣಕ್ಕೆ ಹೋದರು. ಅಲ್ಲಿ ಶರಣರು ಕೂಡುತ್ತಿದ್ದ ಗೋಷ್ಠಿಯನ್ನು ಅನುಭವ ಮಂಟಪವೆಂದು ಕರೆಯುವುದು ವಾಡಿಕೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ವಚನಕಾರರ ಹೆಸರುಗಳೇ ಅವರ ಕಾಯಕವನ್ನು ಸಾರುತ್ತವೆ. ಅವರ ಮಾತಿಗೆ ಆಧಾರ ಗ್ರಂಥವಲ್ಲ, ಬದುಕು.

ಶರಣರು ಈ ಪದದ ಒಂದು ಸ್ವರವನ್ನು ದೀರ್ಘಗೊಳಿಸಿ ‘ಅನುಭಾವ’ ಎಂದೂ ಬಳಸಿದರು. ಅಲಂಕಾರಶಾಸ್ತ್ರದಲ್ಲಿ ಅನುಭಾವವೆಂದರೆ ಮನದ ಭಾವವನ್ನು ಹೊರಗೆಡಹುವ ಕಟಾಕ್ಷವೇ ಮೊದಲಾದ ಚೇಷ್ಟೆಗಳು. ವಚನಗಳಲ್ಲಿ ಅದು ಪರತತ್ತ್ವವನ್ನು ತನ್ನೊಳಗೆ ತಾನೇ ಕಂಡುಕೊಂಡ ಅರಿವಾಯಿತು. ಬಿಸಿಲು, ಹಸಿವು, ದುಡಿಮೆಗಳಿಂದ ದೊರೆತುದು ಅನುಭವವಾದರೆ, ಅದು ಒಳಗೆ ಮಾಗಿ ಬೆಳಕಾದುದು ಅನುಭಾವ. ಈ ಭೇದವನ್ನು ಎಲ್ಲರೂ ಬಿಗಿಯಾಗಿ ಪಾಲಿಸಿದರೆಂದಲ್ಲ. ಓಲೆಗರಿಗಳಲ್ಲಿದ್ದ ವಚನಗಳನ್ನು ಅರಸಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು 1926ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿದಾಗ ಅದಕ್ಕೆ ‘ಶಿವಾನುಭವ’ ಎಂಬ ಹೆಸರನ್ನೇ ಇಟ್ಟರು.