ಸಹಾಯಧನ ಯಾರಿಗೆ ಸಂದಿತು? ಪಟ್ಟಿ ಎಲ್ಲರಿಗೂ ಕಾಣಲಿ



ಹನಿ ನೀರಾವರಿ, ಕಾಫಿ ಮರುನಾಟಿ ಮುಂತಾದವುಗಳಿಗೆ ಬರುವ ಸರ್ಕಾರಿ ಸಹಾಯಧನ ನಮ್ಮ ಸದಸ್ಯರಲ್ಲಿ ಯಾರಿಗೆ ಎಷ್ಟು ಸಂದಿತೆಂಬ ಪಟ್ಟಿಯನ್ನು ಸಂಘದ ಸೂಚನಾ ಫಲಕದಲ್ಲಿ ಹಾಕಬೇಕೆಂದು ಕೆಲವರೂ, ಹಾಕಿದರೆ ಮನೆಯ ವ್ಯವಹಾರ ಬೀದಿಗೆ ಬರುತ್ತದೆಂದು ಮತ್ತೆ ಕೆಲವರೂ ವಾದಿಸುತ್ತಿದ್ದಾರೆ. ಎರಡು ಮಾತಿನಲ್ಲೂ ಹುರುಳಿದೆ. ಮಹಾಸಭೆಗೆ ಮುನ್ನ ವಿಷಯವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಕಾನೂನು. ಸಹಾಯಧನ ಕಾರ್ಯಕ್ರಮಗಳು ನಡೆಯುವ ರೀತಿ, ಹಂಚಿಕೆಯಾದ ಮೊತ್ತ, ಫಲಾನುಭವಿಗಳ ವಿವರ ಇವನ್ನು ಯಾರೂ ಅರ್ಜಿ ಹಾಕದೆಯೇ ಇಲಾಖೆಗಳು ತಾವಾಗಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣ ವಿಧಿಸುತ್ತದೆ. ಸಹಕಾರ ಸಂಘಗಳ ಮಾತು ಬೇರೆ. ಸರ್ಕಾರದಿಂದ ಗಣನೀಯ ಹಣಕಾಸು ಪಡೆಯದ ಸಂಘವು ಈ ಕಾನೂನಿನ ಮಟ್ಟಿಗೆ ಸಾರ್ವಜನಿಕ ಪ್ರಾಧಿಕಾರವಲ್ಲವೆಂದು ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಆದುದರಿಂದ ನಮ್ಮ ಫಲಕದ ಮೇಲೆ ಏನಿರಬೇಕೆಂಬುದನ್ನು ನಾವೇ ತೀರ್ಮಾನಿಸಬೇಕಾಗಿದೆ.

ಈ ಜಗಳ ನಮ್ಮ ಊರಿನದು ಮಾತ್ರವಲ್ಲ. ಯೂರೋಪಿನ ಒಕ್ಕೂಟದಲ್ಲಿ ಕೃಷಿ ಸಹಾಯಧನ ಪಡೆದವರೆಲ್ಲರ ಹೆಸರು, ಊರು, ಮೊತ್ತ ಪ್ರಕಟವಾಗತೊಡಗಿದಾಗ ಜರ್ಮನಿಯ ಹೆಸ್ಸೆ ಪ್ರಾಂತದ ರೈತರು ನ್ಯಾಯಾಲಯಕ್ಕೆ ಹೋದರು. ಮೊತ್ತ ದೊಡ್ಡದೋ ಚಿಕ್ಕದೋ, ಎಷ್ಟು ಕಾಲ, ಎಷ್ಟು ಸಲ ಪಡೆದದ್ದೆಂದು ನೋಡದೆ ವ್ಯಕ್ತಿಗಳೆಲ್ಲರ ಹೆಸರನ್ನೂ ಒಂದೇ ಸಮನೆ ಬಯಲಿಗಿಡುವುದು ಅತಿಯಾಯಿತೆಂದು ಲಕ್ಸೆಂಬರ್ಗಿನ ನ್ಯಾಯಾಲಯ 2010ರ ನವೆಂಬರ್ 9ರಂದು ಹೇಳಿತು. ಆದರೆ ಪ್ರಕಟಣೆ ಅಲ್ಲಿಗೇ ನಿಂತುಹೋಗಲಿಲ್ಲ. 2013ರ ಹೊಸ ನಿಯಮದಲ್ಲಿ ಹೆಸರುಗಳು ಮತ್ತೆ ಬಂದವು. ವರ್ಷಕ್ಕೆ 1,250 ಯೂರೋ ಮೀರದಂತೆ ಗೊತ್ತುಮಾಡಿದ ಮಿತಿಯೊಳಗೆ ಪಡೆದ ಸಣ್ಣ ರೈತರ ಹೆಸರನ್ನು ಮಾತ್ರ ಮರೆಮಾಡಲಾಯಿತು.

ಇದರಿಂದ ನಾವು ಕಲಿಯಬೇಕಾದುದು ಇಷ್ಟೆ: ತೋರಿಸಬೇಕಾದುದನ್ನೂ ಮುಚ್ಚಬೇಕಾದುದನ್ನೂ ಬೇರೆಬೇರೆ ಮಾಡಬಹುದು. ಪ್ರಧಾನಮಂತ್ರಿ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಪಡೆಯುವವರ ಪಟ್ಟಿ ಹಳ್ಳಿವಾರು ನೋಡಸಿಗುತ್ತದೆ. ಅನರ್ಹರಿಗೆ ಹೋದ ಹಣವನ್ನು ಆ ಯೋಜನೆಯಲ್ಲಿ ವಸೂಲು ಮಾಡಬೇಕಾಗಿಯೂ ಬಂದಿದೆ. ನೆರೆಹೊರೆಯವರಿಗೆ ಕಾಣುವ ಪಟ್ಟಿಯಲ್ಲಿ ಇಲ್ಲದ ತೋಟ, ಸತ್ತವರ ಹೆಸರು ಬಹುಕಾಲ ಅಡಗಿರುವುದು ಕಷ್ಟ.

ಎರಡೆಕರೆಯ ಬೆಳೆಗಾರನಿಗೆ ಇದರಲ್ಲಿ ಇನ್ನೊಂದು ಲಾಭವಿದೆ. "ಅನುದಾನ ಮುಗಿಯಿತು" ಎಂಬ ಉತ್ತರ ಕೇಳಿ ಅವನು ಬರಿಗೈಯಲ್ಲಿ ಹಿಂತಿರುಗುತ್ತಾನೆ. ಮುಗಿದದ್ದು ನಿಜವೇ, ತನಗಿಂತ ಹಿಂದೆ ಅರ್ಜಿ ಕೊಟ್ಟವರು ಮುಂದೆ ಹೋದರೇ ಎಂದು ತಿಳಿಯಲು ಅವನಿಗೆ ದಾರಿಯಿಲ್ಲ. ಹಣ ಪಡೆದವರ ಪಟ್ಟಿಯಷ್ಟೇ ಕಾಯುತ್ತಿರುವವರ ಪಟ್ಟಿಯೂ ಮುಖ್ಯವೆಂದು ನಾವು ಹೇಳುವುದು ಇದಕ್ಕಾಗಿ.

ಆಡಳಿತ ಮಂಡಳಿಯ ಮುಂದೆ ನಾವು ಇಡುತ್ತಿರುವ ಸಲಹೆ ಹೀಗಿದೆ. ಸಂಘದ ಮೂಲಕ ಹೋಗುವ ಅರ್ಜಿಗಳ ಮಟ್ಟಿಗೆ ಸದಸ್ಯರ ಹೆಸರು, ಗ್ರಾಮ, ಯೋಜನೆ, ಅರ್ಜಿಯ ತಾರೀಖು, ಮಂಜೂರಾದ ಮೊತ್ತ, ತಿರಸ್ಕೃತವಾಗಿದ್ದರೆ ಕಾರಣ ಇಷ್ಟನ್ನು ಫಲಕದಲ್ಲಿ ಹಾಕುವುದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ದೂರವಾಣಿ, ಸಾಲದ ಬಾಕಿ ಇವು ಯಾವ ಕಾರಣಕ್ಕೂ ಹೊರಗೆ ಬರಕೂಡದು. ಅರ್ಜಿ ಕೊಡುವಾಗಲೇ ಸದಸ್ಯರ ಲಿಖಿತ ಒಪ್ಪಿಗೆ ಪಡೆಯುವುದು. ಪಟ್ಟಿ ಆಡಳಿತ ಮಂಡಳಿಯ ಸದಸ್ಯರ ಹೆಸರುಗಳಿಂದಲೇ ಆರಂಭವಾಗತಕ್ಕದ್ದು.

ತೋಟದ ಆದಾಯ ಅವರವರ ಮನೆಯ ಲೆಕ್ಕ. ಖಜಾನೆಯಿಂದ ಬಂದ ಹಣಕ್ಕೆ ಊರೂ ಲೆಕ್ಕ ಕೇಳಬಹುದು. ಒಪ್ಪದ ಸದಸ್ಯರು ತಮ್ಮ ಆಕ್ಷೇಪಣೆಯನ್ನು ಮಹಾಸಭೆಗೆ ಮೊದಲು ಲಿಖಿತವಾಗಿ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ